ಬಾಗಿಲ ಪಕ್ಕದ ಐದು ಕಿಲೋ

ಪ್ರಯಾಣಕ್ಕೆ ಸಾಮಾನು ಕಟ್ಟುವುದನ್ನು ನಾನು ಅಪ್ಪನಿಂದ ಕಲಿತೆ. ಅಪ್ಪ ಮುಂಬೈ ಪಕ್ಕದ ಠಾಣೆ ಊರಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ವರ್ಷಕ್ಕೊಮ್ಮೆ ಉಡುಪಿಗೆ ಹೊರಡುವ ಹಿಂದಿನ ದಿನ ಅವರು ಬ್ಯಾಗು ಕಟ್ಟಿ ಮುಗಿಸಿ, ಅದನ್ನು ಎತ್ತಿಕೊಂಡು ಡೊಂಬಿವಲಿಯ ನಮ್ಮ ಮೂರನೇ ಮಹಡಿಯಿಂದ ಗೇಟಿನ ತನಕ ಇಳಿದು, ಮತ್ತೆ ಹತ್ತಿ ಬರುತ್ತಿದ್ದರು. ಬಂದವರೇ ಅಂಗೈ ನೋಡಿಕೊಳ್ಳುತ್ತಿದ್ದರು. ಬೆರಳುಗಳ ಬುಡ ಕೆಂಪಾಗಿದ್ದರೆ ಬ್ಯಾಗು ಬಿಚ್ಚಿ ಎರಡು ವಸ್ತು ಹೊರಗೆ ತೆಗೆಯುತ್ತಿದ್ದರು. ಯಾವ ಎರಡು ಎಂಬುದಕ್ಕೆ ಅಮ್ಮನೊಡನೆ ಸಣ್ಣ ಜಗಳವಾಗುತ್ತಿತ್ತು.

ನಾನು ಅದಕ್ಕೆ ಒಂದು ನೋಟ್‌ಬುಕ್ ಸೇರಿಸಿದೆ. ಚಿಕ್ಕಂದಿನಲ್ಲಿ ನಾನು ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆನೆಂದು ಅಮ್ಮ ದಿನಕ್ಕೊಂದು ಪುಟ ಕನ್ನಡ ಬರೆಸುತ್ತಿದ್ದಳು. ಏನು ಬರೆಯುವುದೆಂದು ತಿಳಿಯದೆ ನಾನು ಎಣಿಸಿದ್ದನ್ನೆಲ್ಲ ಬರೆಯುತ್ತಿದ್ದೆ. ಆ ಚಾಳಿ ಉಳಿಯಿತು. ಪ್ರಯಾಣದ ಪುಟದಲ್ಲಿ ಆರು ಕಲಂ: ತಾರೀಖು, ಎಲ್ಲಿಂದ, ಎಲ್ಲಿಗೆ, ಕೊಂಡೊಯ್ದದ್ದು, ತೂಕ, ಬಳಸದೆ ವಾಪಸ್ ತಂದದ್ದು. ಕೊನೆಯ ಕಲಂ ನನ್ನ ಹೆಮ್ಮೆ. ಕಾಲೇಜಿನ ಮೊದಲ ಪ್ರವಾಸದಲ್ಲಿ ಅಲ್ಲಿ ಹತ್ತೊಂಬತ್ತು ಎಂದಿತ್ತು. ಈ ವರ್ಷ ಮೇ ತಿಂಗಳಲ್ಲಿ ಉಡುಪಿಗೆ ಹೋಗಿ ಬಂದಾಗ ಮೂರು.

ಕ್ರಮ ಸುಲಭ. ಮೊದಲು ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಬೇಕು, ಬ್ಯಾಗಿನ ಮುಖ ನೋಡಬಾರದು. ಎಣಿಸಬೇಕು. ಬಟ್ಟೆಗಳನ್ನು ಮಡಚದೆ ಸುರುಳಿ ಸುತ್ತಬೇಕು. ಭಾರದ್ದು ಚಕ್ರದ ಕಡೆಗೆ, ಮೊದಲು ಬೇಕಾಗುವುದು ಎಲ್ಲಕ್ಕಿಂತ ಮೇಲೆ. ಚಪ್ಪಲಿಯೊಳಗಿನ ಜಾಗವೂ ಜಾಗವೇ. ಎಣ್ಣೆ, ಶಾಂಪೂ ಏನಿದ್ದರೂ ಎರಡು ಪ್ಲಾಸ್ಟಿಕ್ಕಿನಲ್ಲಿ. ಆಮೇಲೆ ಕೊಕ್ಕೆ ಇರುವ ಪುಟ್ಟ ಕೈತಕ್ಕಡಿಗೆ ತೂಗುಹಾಕಿ ಅಂಕಿ ಬರೆದುಕೊಳ್ಳಬೇಕು. ನನ್ನ ತಕ್ಕಡಿ ಹತ್ತು ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ. ಅದು ಒಳ್ಳೆಯ ತಕ್ಕಡಿ ಎಂದು ಆಗ ಅಂದುಕೊಂಡಿದ್ದೆ. ಈಗಲೂ ಅದರ ಮೇಲೆ ನನಗೆ ದೂರಿಲ್ಲ. ತಪ್ಪು ಓದಿದವಳು ನಾನು.

ಉಡುಪಿಯಿಂದ ಮರಳಿದ ದಿನ ಮೇ ಇಪ್ಪತ್ತೆಂಟು, ಬುಧವಾರ. ಬ್ಯಾಗು ಎಳೆದುಕೊಂಡು ಮೆಟ್ಟಿಲು ಹತ್ತುವಾಗ ಮೂರೂ ಮಹಡಿಯ ತಿರುವಿನಲ್ಲಿ ಗೋಡೆಗೆ ಹೊಸದಾಗಿ ಏನೋ ಅಂಟಿಸಿದ್ದು ಕಂಡಿತು. ಗೇಣುದ್ದ, ಎರಡು ಬೆರಳಗಲದ ಗಾಜಿನ ತುಂಡು. ಗೋಡೆಯ ಬಿರುಕಿನ ಮೇಲೆ ಅದನ್ನು ಅಡ್ಡ ಇಟ್ಟು ಎರಡು ತುದಿಗೂ ಸಿಮೆಂಟು ಮೆತ್ತಿದ್ದರು. ಸೊಸೈಟಿಯ ಸೆಕ್ರೆಟರಿ ವಿವರಿಸಿದರು: ಕಟ್ಟಡ ಹಳೆಯದು, ತಪಾಸಣೆಗೆ ಬಂದ ಎಂಜಿನಿಯರ್ ಇಂದು ಬೆಳಿಗ್ಗೆ ಹಚ್ಚಿ ಹೋದರು, ಬಿರುಕು ಸತ್ತದ್ದಾದರೆ ಗಾಜಿಗೆ ಏನೂ ಆಗುವುದಿಲ್ಲ, ಬಿರುಕು ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ. ಒಡೆದರೆ ಎಲ್ಲರೂ ಕೆಳಗಿಳಿಯಬೇಕು, ಎಂಜಿನಿಯರಿಗೆ ಫೋನ್ ಮಾಡಬೇಕು. ಒಡೆಯುವ ತನಕ ನಿಶ್ಚಿಂತೆ. ಸೆಕ್ರೆಟರಿ ಮರಾಠಿಯಲ್ಲಿ ಹೇಳಿದ ಆ ‘ನಿಶ್ಚಿಂತ’ ಎಂಬ ಮಾತನ್ನು ನಾನು ಹಾಗೇ ಬರೆದುಕೊಂಡೆ.

ನೆಲಮಹಡಿ ಸೇರಿ ನಾಲ್ಕು ಅಂತಸ್ತು, ಹದಿನಾರು ಮನೆ. ಅಂದಿನಿಂದ ಯಾರೂ ಮೆಟ್ಟಿಲಲ್ಲಿ ಗಾಜಿಗೊಂದು ಕಣ್ಣು ಹಾಯಿಸದೆ ಇಳಿಯುತ್ತಿರಲಿಲ್ಲ. ಹೂವಿನ ಬುಟ್ಟಿ ಹಿಡಿದವರು, ಏಳು ಗಂಟೆಯ ಲೋಕಲ್ ರೈಲು ತಪ್ಪೀತೆಂದು ಓಡುವವರು, ಎಲ್ಲರೂ. ದೇವರ ಗೂಡಿನ ಎದುರು ಹಾಯುವಾಗ ತಲೆ ತಾನಾಗಿ ತಿರುಗುವ ಹಾಗೆ.

ಜೂನ್ ಮೊದಲ ಮಳೆ ಬಿದ್ದಾಗ ಸೆಕ್ರೆಟರಿ ಪ್ರತಿ ಮನೆಯವರೂ ಬಾಗಿಲ ಪಕ್ಕ ಒಂದು ಬ್ಯಾಗು ಸಿದ್ಧವಿಟ್ಟುಕೊಳ್ಳಬೇಕೆಂದರು. ಪ್ರಯಾಣ ಎಂದರೆ ಮೂರೇ ಮಹಡಿ ಕೆಳಕ್ಕೆ. ಆದರೆ ಜನ ಅದಕ್ಕೆ ಕಟ್ಟಿದ ಸಾಮಾನು ನೋಡಿ ನನಗೆ ತಡೆಯಲಾಗಲಿಲ್ಲ. ಒಬ್ಬರು ಮಿಕ್ಸರಿನ ಜಾರು ತುಂಬಿದ್ದರು. ಒಬ್ಬರು ಮದುವೆ ಆಲ್ಬಮ್ಮು ಹಾಕಿ ಬಿ.ಪಿ. ಮಾತ್ರೆ ಬಿಟ್ಟಿದ್ದರು. ನಾನು ಪಟ್ಟಿ ಬರೆದೆ: ಪ್ಲಾಸ್ಟಿಕ್ಕಿನಲ್ಲಿ ಕಾಗದಪತ್ರ, ಎಂಟು ದಿನದ ಔಷಧ, ಕನ್ನಡಕ, ಚಾರ್ಜರ್, ಎರಡು ಜೊತೆ ಬಟ್ಟೆ, ಟವೆಲ್, ಬೀಗದಕೈ, ನೀರು. ಐದು ಕಿಲೋ ಮೀರಬಾರದು. ಹಿಡಿಕೆ ಬಾಗಿಲ ಕಡೆಗಿರಬೇಕು, ಬಗ್ಗಿದ ತಕ್ಷಣ ಕೈಗೆ ಸಿಗುವಂತೆ. ಹದಿನೈದು ಮನೆಯವರು ಬ್ಯಾಗು ಕಟ್ಟಿದರು. ಒಂದು ಮನೆಗೆ ಬೀಗ ಹಾಕಿತ್ತು. ಹದಿನೈದರಲ್ಲಿ ಒಂಬತ್ತನ್ನು ನಾನೇ ಕಟ್ಟಿಕೊಟ್ಟೆ. ಮೊದಲನೆಯದು ನಮ್ಮದು.

“ಎಂತ ಮಾರಾಯ್ತಿ, ನಿನ್ನ ಐದು ಕಿಲೋದಲ್ಲಿ ನಮ್ಮ ರುಬ್ಬುವ ಕಲ್ಲು ಹಿಡಿಸ್ತದಾ?” ಎಂದಳು ಅಮ್ಮ.

ಒಂಬತ್ತನೆಯದು, ಕಟ್ಟಡದವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವರದು. ನಮ್ಮ ಮನೆಯ ನೇರ ಕೆಳಗೆ, ಎರಡನೇ ಮಹಡಿಯಲ್ಲಿ ಅವರು ಒಬ್ಬರೇ ಇದ್ದರು. ವಿಜಯಪುರದ ಕಡೆಯವರು, ಮದುವೆಯಾಗಿ ಇತ್ತ ಬಂದವರು. ಕಟ್ಟಡದಲ್ಲಿ ಅಮ್ಮನಿಗೆ ಕನ್ನಡ ಆಡಲು ಸಿಕ್ಕ ಏಕೈಕ ಜೀವ ಅವರು. ಆದರೂ ಒಬ್ಬರ ಕನ್ನಡಕ್ಕೆ ಇನ್ನೊಬ್ಬರು ನಗುವುದೇ ಹೆಚ್ಚು. ಕಾಕುವಿನ ಗಂಡ ಉಲ್ಹಾಸನಗರದಲ್ಲಿ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರಂತೆ. ಅಂಗಡಿಯಲ್ಲಿ ಕಾಕುವೂ ಗಾಜು ಕೊಯ್ಯುತ್ತಿದ್ದರಂತೆ. ಗಂಡ ತೀರಿಕೊಂಡು ಎಂಟು ವರ್ಷ. ಕಾಕುವಿಗೆ ಎಡಮೊಣಕಾಲಿನ ನೋವು. ಮೆಟ್ಟಿಲಿಳಿಯುವಾಗ ಮೆಟ್ಟಿಲಿಗೆ ಎರಡು ಹೆಜ್ಜೆ. ಅವರ ಮನೆಯಿಂದ ಗೇಟಿಗೆ ಅವರಿಗೆ ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದ್ದೆ: ಬರಿಗೈಯಲ್ಲಿ ಮೂರು ನಿಮಿಷ ನಲವತ್ತು ಸೆಕೆಂಡು. ನನಗೆ ಮೂವತ್ತೆಂಟು ಸೆಕೆಂಡು. ಹದಿನಾರು ಮನೆಯಲ್ಲಿ ಎಲ್ಲರಿಗಿಂತ ನಿಧಾನ ಅವರು. ಹಾಗಾಗಿ ಅವರ ಬ್ಯಾಗಿನ ಮೇಲೆ ನನಗೆ ಎಲ್ಲದಕ್ಕಿಂತ ಹೆಚ್ಚು ಕಣ್ಣು. ಪ್ರತಿ ಭಾನುವಾರ ಬೆಳಿಗ್ಗೆ ಹೋಗಿ ಬಿಚ್ಚಿ, ಎಣಿಸಿ, ತೂಗಿ ಬರುತ್ತಿದ್ದೆ.

“ನಿಮ್ಮ ಉಡುಪಿ ಮಂದಿ ಇಡ್ಲಿನೂ ಎಣಿಸೇ ತಿಂತೀರೇನು?” ಎಂದು ಅವರು ಅಮ್ಮನನ್ನು ಕೇಳಿದರು.

“ಎಣಿಸಿಯೇ ಬಡಿಸುದು ಕಾಕು. ಅದಕ್ಕೇ ಹೋಟೆಲು ನಡೀತದೆ.”

ಮೊದಲ ತೂಕ ನಾಲ್ಕು ಕಿಲೋ ಆರುನೂರು. ಮುಂದಿನ ಭಾನುವಾರ ನಾಲ್ಕು ಕಿಲೋ ಒಂಬೈನೂರ ನಲವತ್ತು. ಹಿಡಿಕೆ ಒಳಕ್ಕೆ ತಿರುಗಿತ್ತು, ಬ್ಯಾಗು ಮನೆಯ ಕಡೆ ಮುಖ ಮಾಡಿ ಕೂತಂತೆ. ಬಿಚ್ಚಿ ನೋಡಿದರೆ ಅಡಿಯಲ್ಲಿ ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿದ ಗಾಜಿನ ತುಂಡುಗಳು. ಜೊತೆಗೆ ಮರದ ಹಿಡಿಯ, ಗಾಜು ಕೊಯ್ಯುವ ಸಣ್ಣ ಕಟರು. ತುಂಡುಗಳನ್ನು ಎಣಿಸಿದೆ. ಏಳು. ಓಡುವಾಗ ಬ್ಯಾಗಿನಲ್ಲಿ ಗಾಜು ಯಾಕೆ, ಬಿದ್ದರೆ ಕೈ ಕೊಯ್ಯುವುದಿಲ್ಲವೇ ಎಂದು ಗದರಿದೆ.

“ಇರ್ಲಿ ಬಿಡು ತಂಗಿ. ಅವ್ರ ಕೈಲೆ ಕೊಯ್ದ ಕಡೀ ಗಾಜು ಅವು,” ಎಂದರು ಕಾಕು.

ಐದು ಕಿಲೋದೊಳಗೇ ಇತ್ತು. ನನ್ನ ನಿಯಮ ಅದಕ್ಕೆ ಅಡ್ಡ ಬರಲಿಲ್ಲ. ‘ಗಾಜಿನ ತುಂಡು ಏಳು’ ಎಂದು ಬರೆದು, ಹಿಡಿಕೆಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟು ಬಂದೆ. ಮುಂದಿನ ವಾರ ಮತ್ತೆ ಒಳಕ್ಕೆ ತಿರುಗಿತ್ತು. ಪ್ರತಿ ವಾರವೂ ತಿರುಗಿರುತ್ತಿತ್ತು. ಗುಡಿಸುವಾಗ ಸರಿಯುತ್ತದೆ ಎಂದು ಕಾಕು ಹೇಳುತ್ತಿದ್ದರು.

ಜೂನ್ ಹೋಯಿತು. ಜುಲೈ ಪೂರ್ತಿ ಏನೂ ಆಗಲಿಲ್ಲ. ನನ್ನ ಡೈರಿಯಲ್ಲಿ ಆ ಎರಡು ತಿಂಗಳ ಪುಟಗಳು ಒಂದೇ ರೀತಿ: ಬೆಳಿಗ್ಗೆ ಮೂರೂ ಗಾಜು ಸರಿ, ಸಂಜೆ ಮೂರೂ ಗಾಜು ಸರಿ. ನಾಗರಪಂಚಮಿ ಕಳೆದ ಮೊದಲ ಭಾನುವಾರ ಕಾಕುವಿನ ಬ್ಯಾಗು ನಲವತ್ತು ಗ್ರಾಂ ಇಳಿದಿತ್ತು. ಗಾಜು ಆರು. ನನ್ನ ಮಾತಿಗೆ ಬೆಲೆ ಕೊಟ್ಟು ಒಂದನ್ನು ಹೊರಗಿಟ್ಟಿದ್ದಾರೆ ಎಂದುಕೊಂಡು ಭೇಷ್ ಎಂದೆ. ಕಾಕು ನಕ್ಕರು; ಪಂಚಮಿಯ ಶೇಂಗಾ ಉಂಡೆ ಎರಡು ಕೊಟ್ಟರು.

ಸ್ವಾತಂತ್ರ್ಯ ದಿನ ಕಳೆದ ಭಾನುವಾರ ಗಾಜು ಐದು. ಮತ್ತೆ ನಲವತ್ತು ಗ್ರಾಂ ಕಡಿಮೆ. ಹೀಗೇ ಬಿಟ್ಟರೆ ದೀಪಾವಳಿಯೊಳಗೆ ಗಾಜೆಲ್ಲ ತಾವೇ ತೆಗೆಯುತ್ತಾರೆ, ಒತ್ತಾಯ ಮಾಡಬಾರದು ಎಂದು ಮೇಲೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ಎಂಟು ವರ್ಷ ಇಟ್ಟುಕೊಂಡದ್ದನ್ನು ಕಾಕು ಈಗ ಯಾಕೆ ತೆಗೆಯುತ್ತಾರೆ ಎಂದು ತಲೆ ಎತ್ತದೆಯೇ ಕೇಳಿದಳು. ಆ ಪ್ರಶ್ನೆಯನ್ನು ನಾನು ಡೈರಿಯಲ್ಲಿ ಬರೆಯಲಿಲ್ಲ.

ಅದರ ಮರುದಿನದಿಂದ ಮೂರು ದಿನ ಮಳೆ ಹುಚ್ಚು ಹಿಡಿದ ಹಾಗೆ ಸುರಿಯಿತು. ಲೋಕಲ್ ನಿಂತಿತು, ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಎಂದರು. ನಮ್ಮ ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳತೊಡಗಿತು. ಮರ ನೀರು ಕುಡಿದಿದೆ ಎಂದು ಅಪ್ಪ ಬಾಗಿಲ ಅಂಚಿಗೆ ಮೇಣದ ಬತ್ತಿ ಉಜ್ಜಿದರು. ಬುಧವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ತಟ್ಟೆಯ ಪಕ್ಕ ಬಿಳಿ ಹುಡಿ ಉದುರಿತು, ಅಕ್ಕಿ ಹಿಟ್ಟಿನಷ್ಟು ನಯವಾಗಿ. ಮೂವರೂ ಮೇಲೆ ನೋಡಿದೆವು. ಅಮ್ಮ ಸೆರಗಿನಿಂದ ಒರೆಸಿ, ತಟ್ಟೆಯನ್ನು ಒಂದಡಿ ಆಚೆ ಸರಿಸಿದಳು. ಊಟ ಮುಂದುವರಿಸಿದೆವು. ಮೆಟ್ಟಿಲಲ್ಲಿ ಮೂರೂ ಗಾಜು ಸರಿಯಾಗಿದ್ದವಲ್ಲ.

ಗುರುವಾರ, ಆಗಸ್ಟ್ ಇಪ್ಪತ್ತೊಂದು. ಮಳೆ ನಿಂತಿತ್ತು. ಐರೋಲಿಯ ಆಫೀಸಿಗೆ ಹೊರಟವಳು ಎರಡನೇ ಮಹಡಿಯ ತಿರುವಿನಲ್ಲಿ, ಕಾಕುವಿನ ಬಾಗಿಲೆದುರು, ನಿಂತುಬಿಟ್ಟೆ. ಗಾಜು ನಡುವೆ ಒಡೆದಿತ್ತು. ಎರಡು ತುಂಡುಗಳೂ ಗೋಡೆಯ ಮೇಲೇ ಇದ್ದವು. ನಡುವೆ ನನ್ನ ಉಗುರಿನ ತುದಿ ಹೋಗುವಷ್ಟು ಸಂದು. ಗಂಟೆ ಆರೂ ಐವತ್ತಮೂರು. ಸೆಕ್ರೆಟರಿಯ ಬಾಗಿಲು ತಟ್ಟಿದರೆ ಏಳರ ಗಾಡಿ ತಪ್ಪುತ್ತದೆ, ಠಾಣೆಯಲ್ಲಿ ಐರೋಲಿಯ ಗಾಡಿಯೂ ತಪ್ಪುತ್ತದೆ. ಮೂರು ದಿನದ ಕೆಲಸ ಬಾಕಿ. ಗಾಡಿಯಲ್ಲಿ ಕುಳಿತು ಫೋನ್ ಮಾಡೋಣವೆಂದು ಇಳಿದೆ. ಗಾಡಿಯಲ್ಲಿ ಕೈ ಎತ್ತಲು ಜಾಗವಿರಲಿಲ್ಲ. ಮುಂಬ್ರಾದ ಗುಡ್ಡಗಳ ಮೇಲಿಂದ ಇನ್ನೂ ನೀರು ಇಳಿಯುತ್ತಿತ್ತು. ಅದರ ಕೆಳಗೆ ಒತ್ತೊತ್ತಾಗಿ ನಿಂತ ಕಟ್ಟಡಗಳನ್ನು ಎಣಿಸತೊಡಗಿ ನಿಲ್ಲಿಸಿದೆ.

ಆಫೀಸಿನಿಂದ ಫೋನ್ ಮಾಡಿದಾಗ ಹತ್ತು ಗಂಟೆ. ಸೆಕ್ರೆಟರಿ ಗಣಪತಿ ಮಂಟಪದ ಬಿದಿರು ಇಳಿಸಿಕೊಳ್ಳುತ್ತಿದ್ದರು. ಚೌತಿಗೆ ಆರೇ ದಿನವಿತ್ತು. ಮೇಲೆ ಹೋಗಿ ನೋಡುತ್ತೇನೆ ಎಂದರು. ಒಂದು ಗಂಟೆಯ ಮೇಲೆ ಅವರೇ ತಿರುಗಿ ಫೋನ್ ಮಾಡಿ, ಮೂರೂ ಗಾಜನ್ನು ಕಣ್ಣಾರೆ ನೋಡಿ ಬಂದೆ, ಎಲ್ಲ ಸರಿಯಾಗಿವೆ, ಹೀಗೆ ಜನರನ್ನು ಹೆದರಿಸಬಾರದು ಎಂದು ಸ್ವಲ್ಪ ಖಾರವಾಗಿಯೇ ಹೇಳಿದರು.

ಸಂಜೆ ಬಂದು ನೋಡಿದೆ. ಅವರು ಹೇಳಿದ್ದು ನಿಜ. ಎರಡನೇ ಮಹಡಿಯ ಗಾಜು ಇಡಿಯಾಗಿತ್ತು. ಅಮ್ಮ, ಬೆಳಗಿನ ಗಡಿಬಿಡಿಯಲ್ಲಿ ಬೆಳಕಿನ ಗೆರೆ ನೋಡಿ ಬಿರುಕೆಂದು ತಿಳಿದಿರಬೇಕು ಎಂದಳು. ಡೈರಿಯಲ್ಲಿ ಎರಡು ಸಾಲು ಬರೆದೆ: ‘ಬೆಳಿಗ್ಗೆ ಒಡೆದಿತ್ತು. ಸಂಜೆ ಒಡೆದಿಲ್ಲ.’ ನಾನು ಎಂದೂ ಹೀಗೆ ತಾಳೆಯಾಗದ ಎರಡು ಸಾಲು ಬರೆದವಳಲ್ಲ. ಆದರೂ ಶುಕ್ರವಾರ, ಶನಿವಾರ ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನ ಕಟ್ಟಡದವರು ಆ ಮೆಟ್ಟಿಲಲ್ಲಿ ಎಷ್ಟು ಸಲ ಹತ್ತಿಳಿದಿರಬಹುದು ಎಂದು ಆಮೇಲೆ ಲೆಕ್ಕ ಹಾಕಿದ್ದೇನೆ. ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ತಕ್ಕಡಿ, ನೋಟ್‌ಬುಕ್ ಹಿಡಿದು ಕೆಳಗಿಳಿದೆ. ಕಾಕು ಚಹಾಕ್ಕೆ ನೀರಿಟ್ಟರು. ಬ್ಯಾಗು ಒಳಮುಖವಾಗಿತ್ತು. ತೂಗಿದೆ. ಮತ್ತೆ ನಲವತ್ತು ಗ್ರಾಂ ಕಡಿಮೆ. ಪೇಪರು ಬಿಚ್ಚಿ ಎಣಿಸಿದೆ. ನಾಲ್ಕು. ಪೆನ್ಸಿಲಿನಿಂದ ನಾಲ್ಕು ಎಂದು ಬರೆದು, ಹಿಂದಿನ ಸಾಲುಗಳ ಮೇಲೆ ಕಣ್ಣಾಡಿಸಿದೆ: ಏಳು, ಆರು, ಐದು, ನಾಲ್ಕು. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ನಲ್ಲಿಯ ಪಕ್ಕದ ಟೈಲ್ಸಿಗೆ ಹಚ್ಚುವ ಬಿಳಿ ಸಿಮೆಂಟಿನ ಡಬ್ಬಿ ಇತ್ತು. ಅದು ಎಲ್ಲ ಮನೆಯಲ್ಲೂ ಇರುತ್ತದೆ. ಈ ಡಬ್ಬಿಯ ಬಾಯಿ ತೆರೆದಿತ್ತು. ಪಕ್ಕದಲ್ಲಿ ಹಳೆಯ ಚಮಚ, ಅದರ ತುದಿಗೆ ಒಣಗಿದ ಸಿಮೆಂಟು.

ನಾನು ಎದ್ದು ಹೊರಗೆ ಹೋಗಿ ಗೋಡೆಯ ಗಾಜನ್ನು ಹತ್ತಿರದಿಂದ ನೋಡಿದೆ. ಕೆಳಗಿನ, ಮೇಲಿನ ಮಹಡಿಯ ಗಾಜು ದಪ್ಪ. ಅಂಚು ಹಸಿರು, ಒರಟು. ಇದು ತೆಳು. ಅಂಚು ನೂಲು ಹಿಡಿದಂತೆ ನೇರ. ಫೋಟೋ ಕಟ್ಟಿನ ಗಾಜು.

ಒಳಗೆ ಬಂದು ಕೇಳಿದೆ. “ಕಾಕು, ಮೂರು ಗಾಜು ಎಲ್ಲಿ?”

ಕಾಕು ಚಹಾ ಸೋಸುವುದನ್ನು ಮುಗಿಸಿದರು. ಚಹಾದ ಬಶಿಯನ್ನು ನನ್ನ ಮುಂದಿಟ್ಟರು. “ಗ್ವಾಡಿ ಮ್ಯಾಲ ಅದಾವ.”

“ಮೂರೂ?”

“ಒಂದು ಅದ. ಎರಡು ಒಡದ್ವು.”

ಕೇಳಿದ್ದಕ್ಕೆಲ್ಲ ಅವರು ಮುಚ್ಚುಮರೆಯಿಲ್ಲದೆ ಹೇಳಿದರು, ಯಾರಾದರೂ ಕೇಳಲೆಂದೇ ಕಾದಿದ್ದವರ ಹಾಗೆ. ಎಂಜಿನಿಯರ್ ಹಚ್ಚಿದ ಗಾಜು ಪಂಚಮಿಯ ದಿನ ಬೆಳಿಗ್ಗೆ ಒಡೆದಿತ್ತು. ಬಾಗಿಲಿಗೆ ರಂಗೋಲಿ ಹಾಕಲು ಹೊರಬಂದ ಕಾಕು ಎಲ್ಲರಿಗಿಂತ ಮೊದಲು ನೋಡಿದರು. ಬೇರೆಯವರು ಏಳುವುದರೊಳಗೆ ಕೆರೆದು ತೆಗೆದು ತಮ್ಮದನ್ನು ಹಚ್ಚಿದರು. ಎರಡನೆಯದು ಆಗಸ್ಟ್ ಹದಿನೈದರಂದು. ನಾವೆಲ್ಲ ಕೆಳಗೆ ಧ್ವಜದೆದುರು ನಿಂತು ಹಾಡುತ್ತಿದ್ದಾಗ ಅವರು ಮೇಲೆ ಚಮಚ ಹಿಡಿದು ನಿಂತಿದ್ದರು. ಮೂರನೆಯದು ಮೊನ್ನೆ ಗುರುವಾರ. ನಾನು ಗೋಡೆಯ ಮುಂದೆ ನಿಂತದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದರು. ನನ್ನ ಹೆಜ್ಜೆ ಕೆಳಗಿಳಿದ ಮೇಲೆ ಬಾಗಿಲು ತೆರೆದರು.

ಯಾಕೆ ಎಂದು ಕೇಳುವಾಗ ನನ್ನ ದನಿ ಏರಿತ್ತೆಂದು ಕಾಣುತ್ತದೆ. ಕಾಕು ಕೈ ಎತ್ತಿ ಕೂರಲು ಹೇಳಿದರು.

“ಠಾಣೆ ಹತ್ರ ಕಳವಾ ಊರಾಗ ಇದ್ದಾಗ, ಅಲ್ಲಿ ಬಿಲ್ಡಿಂಗದಾಗೂ ಹಿಂಗ ಹೇಳಿದ್ರು. ಎಂಟು ದಿನ ಹೊರಗ ಇರ್ರಿ ಅಂತ. ನಾ ಎಂಟು ದಿನಕ್ಕ ಎಷ್ಟು ಬೇಕೋ ಅಷ್ಟ ಕಟ್ಟಿದೆ, ನಿನ್ನಂಗ ಶಾಣ್ಯಾಕಿ ಆಗಿ. ಹತ್ತನೇ ದಿನಕ್ಕ ಹೋಗಿ ನೋಡಿದ್ರ ಮನಿ ಇದ್ದಲ್ಲಿ ಆಕಾಶ ಇತ್ತು. ಅವ್ರ ಅಳತಿಕೋಲು, ಗಾಜು ಕೊಯ್ಯೋ ಮೇಜು, ನನ್ನ ರೊಟ್ಟಿ ಹಂಚು, ಎಲ್ಲಾ ಹೋತು. ಅಂಗಡಿಯಿಂದ ಬರೋವಾಗ ಅವ್ರ ಚೀಲದಾಗ ಈ ಏಳು ತುಂಡು ಇದ್ವು, ಇವಷ್ಟ ಉಳದ್ವು. ವರ್ಷ ತುಂಬೂದ್ರೊಳಗ ಅವ್ರೂ ಹ್ವಾದ್ರು.” ಅವರು ನನ್ನ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟರು. “ಇದ್ರಾಗ ವಾಪಸ್ ತಂದದ್ದು ಅಂತ ಒಂದು ಕಲಂ ಹಾಕೀಯಲ್ಲ ತಂಗಿ. ನನ್ನ ಬ್ಯಾಗಿನ ಮುಂದ ಅಲ್ಲೇನ್ ಬರೀತಿ?”

ನನ್ನ ಪಟ್ಟಿಯಲ್ಲಿ ‘ಎಂಟು ದಿನದ ಔಷಧ’ ಎಂದು ಬರೆದವಳು ನಾನೇ. ಎಂಟೇ ಯಾಕೆ ಎಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಮರಳಿ ಬರುವವಳ ಕ್ರಮ ಅದು. ಬೀಗದಕೈಯನ್ನೂ ಅದಕ್ಕೇ ಸೇರಿಸಿದ್ದೆ.

ನನಗೆ ತಿಳಿದದ್ದು ಎಣಿಸುವುದು ಮಾತ್ರ. ಹೊಸ ಪುಟ ತೆರೆದು ಬರೆದೆ. ಮೇ ಇಪ್ಪತ್ತೆಂಟರಿಂದ ಪಂಚಮಿಗೆ ಅರುವತ್ತೆರಡು ದಿನ. ಪಂಚಮಿಯಿಂದ ಹದಿನೈದಕ್ಕೆ ಹದಿನೇಳು ದಿನ. ಹದಿನೈದರಿಂದ ಗುರುವಾರಕ್ಕೆ ಆರು ದಿನ. ಗುರುವಾರದಿಂದ ಇವತ್ತಿಗೆ ಮೂರು. ಕನ್ನಡಕ ಹಾಕಿಕೊಂಡು ಕಾಕು ಅಂಕಿಗಳನ್ನು ನೋಡಿದರು. ಅರುವತ್ತೆರಡು, ಹದಿನೇಳು, ಆರು. ನಾಲ್ಕನೆಯ ಸಾಲು ಖಾಲಿ. ಗುರುವಾರದ ಗಾಜು ಇನ್ನೂ ಒಡೆದಿರಲಿಲ್ಲ. ಮೇಲೆ ನಮ್ಮ ಮನೆಯಲ್ಲಿ ಅಮ್ಮ ನಡೆದಾಡುವುದು ತಲೆಯ ಮೇಲೆ ಕೇಳುತ್ತಿತ್ತು. ಕೆಳಗೆ ಮಂಟಪಕ್ಕೆ ಮೊಳೆ ಹೊಡೆಯುತ್ತಿದ್ದರು. ಪ್ರತಿ ಪೆಟ್ಟಿಗೂ ಬಶಿಯಲ್ಲಿದ್ದ ಚಹಾದ ಮೇಲೆ ಸಣ್ಣ ಉಂಗುರ ಏಳುತ್ತಿತ್ತು.

“ಬುಧವಾರ ಚೌತಿ. ಮೂರ ದಿನ,” ಎಂದರು ಕಾಕು. ಅದು ಪ್ರಶ್ನೆಯೋ ಬೇಡಿಕೆಯೋ ತಿಳಿಯಲಿಲ್ಲ.

“ಆಗಂಗಿಲ್ಲ ಕಾಕು,” ಎಂದೆ. ಅವರ ಭಾಷೆಯಲ್ಲಿ ಹೇಳಿದ್ದೆ ಎಂಬುದು ಹೇಳಿದ ಮೇಲೆ ಗೊತ್ತಾಯಿತು.

ಅವರು ನೋಟ್‌ಬುಕ್ ಮುಚ್ಚಿ ನನ್ನ ಕಡೆ ಸರಿಸಿದರು. ಆಮೇಲೆ ಕನ್ನಡಕ ತೆಗೆದು, “ಸೆಕ್ರೆಟರಿಗೆ ಕರಿ,” ಎಂದರು. “ಆದ್ರ ಬ್ಯಾಗು ಮತ್ತ ಕಟ್ಟು. ಈ ಸಲ ಭಾರ ನೋಡಬ್ಯಾಡ.”

ಮೊದಲು ಸೆಕ್ರೆಟರಿಗೆ ಫೋನ್ ಮಾಡಿದೆ. ಆಮೇಲೆ ಅಮ್ಮನಿಗೆ: ಬ್ಯಾಗು ಹಿಡಿದು, ಅಪ್ಪನನ್ನು ಕರೆದುಕೊಂಡು, ಏನೂ ಕೇಳದೆ ಇಳಿದುಹೋಗು ಎಂದು. ಅವರು ಇಳಿಯುವ ಸದ್ದು ಕೇಳುತ್ತ ನಾನು ಕಾಕುವಿನ ಬ್ಯಾಗನ್ನು ನೆಲಕ್ಕೆ ಸುರಿದೆ. ಹಾಸಿಗೆಯ ಮೇಲೆ ಹರಡುವ ಹೊತ್ತಿರಲಿಲ್ಲ. ನನ್ನ ಪಟ್ಟಿಯ ಟವೆಲ್, ಎರಡನೆಯ ಸೀರೆ, ನೀರು ಹೊರಗೆ ಹೋದವು. ಕಾಕು ಬೆರಳು ತೋರಿಸಿದ್ದು ಒಳಗೆ ಹೋಯಿತು: ಗೋಡೆಯ ಮೇಲಿದ್ದ ಗಂಡನ ಫೋಟೋ, ಕಟ್ಟಿನ ಸಮೇತ, ಕಟರು, ನಾಲ್ಕು ಗಾಜು, ಹಳೆಯ ಮನೆಯದು ಹೋದ ಮೇಲೆ ಕೊಂಡ ಕಬ್ಬಿಣದ ರೊಟ್ಟಿ ಹಂಚು, ಜೋಳದ ಹಿಟ್ಟಿನ ಡಬ್ಬಿ. ಬೀಗದಕೈಯನ್ನು ನಾನು ಹಾಕಿದೆ. ಅವರು ತೆಗೆದು ಮೊಳೆಗೆ ತೂಗುಹಾಕಿದರು.

ಅಷ್ಟರಲ್ಲಿ ಸೆಕ್ರೆಟರಿ ಬಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕು ಬಾಗಿಲಲ್ಲಿ ನಿಂತು ತಾವು ಮಾಡಿದ್ದನ್ನು ಮರಾಠಿಯಲ್ಲಿ ಹೇಳಿದರು. ಮೂರು ತಾರೀಖುಗಳನ್ನೂ ಹೇಳಿದರು. ಸೆಕ್ರೆಟರಿ ಬೈಯುತ್ತಾರೆಂದು ಎಣಿಸಿದ್ದೆ. ಅವರು ತೆಳು ಗಾಜಿನ ಮೇಲೆ ಹೆಬ್ಬೆರಳಿಟ್ಟು ನೋಡಿ, ಮೆಟ್ಟಿಲ ಮೇಲೆ ಕುಳಿತು, ಮತ್ತೆ ತಟ್ಟನೆ ಎದ್ದರು, ಆ ಮೆಟ್ಟಿಲ ಮೇಲೆ ಕೂರಬಾರದೆಂದು ಆಗ ನೆನಪಾದವರಂತೆ. ಮೇಲಿನ ಮಹಡಿಯಿಂದ ಬಾಗಿಲು ಬಡಿಯುತ್ತ ಬಂದರು. ನಮ್ಮದೂ ಸೇರಿ ಹದಿನಾಲ್ಕು ಬ್ಯಾಗು ನಮಗಿಂತ ಮೊದಲೇ ಗೇಟು ಸೇರಿದವು. ಎಲ್ಲವೂ ಹಗುರ. ಯಾರ ಕೈಯೂ ತಡವರಿಸಲಿಲ್ಲ. ಹದಿನೈದನೆಯದು ಕಾಕುವಿನದು. ಒಂಬತ್ತು ಕಿಲೋ ಏಳುನೂರು. ಆ ಅವಸರದಲ್ಲೂ ತೂಗಿದ್ದೆ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಕಾಕುವಿನ ರಟ್ಟೆ. ಮೆಟ್ಟಿಲಿಗೆ ಎರಡು ಹೆಜ್ಜೆ. ಗೋಡೆಯ ಕಡೆ ನಾನು ನೋಡಲಿಲ್ಲ. ಗೇಟು ತಲುಪಿದಾಗ ಐದು ನಿಮಿಷ ಹತ್ತು ಸೆಕೆಂಡು ಆಗಿತ್ತು. ಅಂಗೈ ನೋಡಿಕೊಂಡೆ. ಬೆರಳ ಬುಡ ಕೆಂಪಾಗಿತ್ತು. ಯಾವುದನ್ನೂ ಹೊರಗೆ ತೆಗೆಯಲಿಲ್ಲ.

ಎಂಜಿನಿಯರ್ ಮರುದಿನ ಬಂದು, ಹತ್ತು ನಿಮಿಷ ಒಳಗಿದ್ದು, ಇನ್ನು ಯಾರೂ ಮೇಲೆ ಹತ್ತಬಾರದೆಂದರು. ಈ ವರ್ಷ ಮಂಟಪದಲ್ಲಿ ಗಣಪತಿ ಕೂರಲಿಲ್ಲ. ಬಿದಿರು ಹಾಗೇ ನಿಂತಿತ್ತು. ಅಮ್ಮ ರುಬ್ಬುವ ಕಲ್ಲಿನ ಮಾತೆತ್ತಲಿಲ್ಲ. ಅದು ಮೂರನೇ ಮಹಡಿಯಲ್ಲೇ ಇದೆ.

ಈಗ ನಾವು ಪಕ್ಕದ ಊರು ಕಲ್ಯಾಣದಲ್ಲಿ ಬಾಡಿಗೆಗೆ ಇದ್ದೇವೆ. ಕಾಕು ಉಲ್ಹಾಸನಗರದಲ್ಲಿ ನಾದಿನಿಯ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಾರೆ. ಹದಿನೈದು ದಿನಕ್ಕೊಂದು ಭಾನುವಾರ ನಾನು ಅವರಲ್ಲಿಗೆ ಹೋಗುತ್ತೇನೆ. ನಮ್ಮ ಹಳೆಯ ಕಟ್ಟಡದ ಸುತ್ತ ತಗಡು ಹೊಡೆದಿದ್ದಾರೆ. ಅದು ಬಿದ್ದಿಲ್ಲ, ಕೆಡವಿಯೂ ಇಲ್ಲ. ನಮ್ಮ ಅಡುಗೆಮನೆಯ ಕಿಟಕಿ ತೆರೆದೇ ಇದೆ. ಕಾಕು ಪ್ರತಿ ಸಲ 'ಬಿತ್ತೇನು?' ಎಂದು ಕೇಳುತ್ತಾರೆ, ನಾನು ಇಲ್ಲ ಎನ್ನುತ್ತೇನೆ. ಹಾಗಾದರೆ ಚೌತಿ ಅಲ್ಲೇ ಮಾಡಬಹುದಿತ್ತು ಎಂದು ಒಮ್ಮೆ ಅಂದರು. ಗುರುವಾರ ಹಚ್ಚಿದ ಆ ಗಾಜು ಒಡೆಯಿತೇ, ಎಷ್ಟು ದಿನಕ್ಕೆ ಒಡೆಯಿತು ಎಂಬುದನ್ನು ನೋಡಿದವರಿಲ್ಲ. ನನ್ನ ನಾಲ್ಕನೆಯ ಸಾಲು ಈಗಲೂ ಖಾಲಿ. ಆ ದಿನದ ಪ್ರಯಾಣದ ಪುಟದಲ್ಲಿ ಕೊನೆಯ ಕಲಂ ಕೂಡ.

ಹೋದ ಭಾನುವಾರ ಅಭ್ಯಾಸಬಲದಿಂದ ಬ್ಯಾಗು ಬಿಚ್ಚಿದೆ. ಹಂಚು, ಫೋಟೋ ಹೊರಗೆ ಬಳಕೆಗೆ ಹೋಗಿವೆ. ಪೇಪರು ಬಿಡಿಸಿ ಎಣಿಸಿದೆ. ಮೂರು.

ಕಾಕುವಿನ ಮುಖ ನೋಡಿದೆ. ಅವರು ಬಾಗಿಲ ಹಿಂದಕ್ಕೆ ಕಣ್ಣು ತೋರಿಸಿದರು. ಅಲ್ಲಿ ಗೋಡೆಯಲ್ಲಿ, ಛಾವಣಿಯಿಂದ ಸೊಂಟದೆತ್ತರದ ತನಕ ಇಳಿದ ಕೂದಲೆಳೆಯಂಥ ಬಿರುಕು. ಅದರ ಮೇಲೆ ಅಡ್ಡ ಗಾಜು, ಎರಡು ತುದಿಗೂ ಬಿಳಿ ಸಿಮೆಂಟು, ಅಂಚು ನೂಲು ಹಿಡಿದಂತೆ ನೇರ. ಕೆಳಗೆ ಪೆನ್ಸಿಲಿನಲ್ಲಿ ಹಚ್ಚಿದ ದಿನದ ತಾರೀಖು. ಅಂಕಿಗಳು ದೊಡ್ಡದಾಗಿದ್ದವು.

ಹತ್ತಿರ ಹೋಗಿ ಉಗುರಿನಿಂದ ಮುಟ್ಟಿ ನೋಡಿದೆ. ಇಡಿಯಾಗಿತ್ತು. ತಾರೀಖಿನ ಪಕ್ಕದಲ್ಲಿ ಅಂದಿನ ತಾರೀಖು ಬರೆದೆ. ತಿರುಗಿ ಬ್ಯಾಗನ್ನು ಅದರ ಜಾಗದಲ್ಲಿಡಲು ಹೋದಾಗ ಕಾಕು ಅದನ್ನು ಆಗಲೇ ಇಟ್ಟಾಗಿತ್ತು. ಹಿಡಿಕೆ ಬಾಗಿಲ ಕಡೆಗಿತ್ತು.